ಐದು ತಿಂಗಳ ಕೂಸು, ಏಳು ವರ್ಷದ ಮೊಮ್ಮಗ: ಪುಣೆ ವಿಮಾನಕ್ಕೆ ಯಾವ ದಾಖಲೆ ಒಯ್ಯಬೇಕು?

ಹಳ್ಳಿಯಜ್ಜಿ, ಮಂಡ್ಯ

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯ ತಾಲ್ಲೂಕಿನ ಹಳ್ಳಿಯವಳು, ವಯಸ್ಸು 61. ಬಾಣಂತನಕ್ಕೆ ಬಂದಿದ್ದ ಮಗಳನ್ನೂ ಕೂಸನ್ನೂ ಪುಣೆಗೆ ಬಿಟ್ಟುಬರಬೇಕಾಗಿದೆ. ಕೂಸಿಗೆ ಈಗಷ್ಟೇ ಐದು ತಿಂಗಳು ತುಂಬಿದೆ. ಈ ಬಿಸಿಲಿನಲ್ಲಿ ಅಷ್ಟು ಹೊತ್ತು ರೈಲು ಬೇಡವೆಂದು ಅಳಿಯಂದಿರು ಬೆಂಗಳೂರಿನಿಂದ ವಿಮಾನದ ಟಿಕೆಟ್ ಮಾಡಿಸಿದ್ದಾರೆ. ಹೊರಡಲು ಇನ್ನು ಹದಿನೆಂಟು ದಿನ ಇದೆ.

ಶಾಲೆಗೆ ಬೇಸಿಗೆ ರಜೆ. ನನ್ನ ಮಗನ ಮಗ "ಅಜ್ಜಿ, ನಾನೂ ಬರುತ್ತೇನೆ" ಎಂದು ಮೂರು ದಿನ ಊಟ ಬಿಟ್ಟು ಕುಳಿತ. ಅವನಿಗೂ ನನ್ನ ಜೊತೆಯಲ್ಲೇ ಟಿಕೆಟ್ ಆಗಿದೆ. ಅವನಿಗೆ ಏಳು ವರ್ಷ ತುಂಬಿ ಎರಡು ತಿಂಗಳು. ಅವನ ಅಪ್ಪ ಅಮ್ಮ ಬರುವಂತಿಲ್ಲ. ಮುಂದಿನ ವಾರ ಚಾಕಿ ಹುಳು ತರುತ್ತಿದ್ದಾರೆ; ಹುಳು ಮನೆಗೆ ಬಂದ ಮೇಲೆ ಗೂಡು ಕಟ್ಟುವವರೆಗೆ ಇಬ್ಬರಲ್ಲಿ ಒಬ್ಬರೂ ಅಲುಗಾಡಲು ಆಗುವುದಿಲ್ಲ, ರೇಷ್ಮೆ ಸಾಕಿದವರಿಗೆ ಗೊತ್ತು.

ನನ್ನ ಭಯ ಇಷ್ಟೇ. ಕೂಸಿನ ಜನನ ಪ್ರಮಾಣಪತ್ರವಿದೆ, ಆದರೆ ಅದರಲ್ಲಿ ಹೆಸರಿಲ್ಲ. "ಹೆಣ್ಣು" ಎಂದು, ಹುಟ್ಟಿದ ತಾರೀಖು ಎಂದು, ತಂದೆ ತಾಯಿಯ ಹೆಸರು ಎಂದು ಇದೆ. ಟಿಕೆಟ್ಟಿನಲ್ಲಿ ಅಳಿಯಂದಿರು ನಾಮಕರಣದ ಹೆಸರು ಹಾಕಿಸಿದ್ದಾರೆ. ಹುಡುಗನದು ಸರ್ಕಾರಿ ಶಾಲೆ, ಅಲ್ಲಿ ಗುರುತಿನ ಚೀಟಿ ಕೊಟ್ಟಿಲ್ಲ. ಅವನ ಆಧಾರ್ ಎರಡು ವರ್ಷದವನಿದ್ದಾಗ ಮಾಡಿಸಿದ್ದು, ನೀಲಿ ಬಣ್ಣದ್ದು. ಅದರಲ್ಲಿರುವ ಚಿತ್ರದಲ್ಲಿ ಜುಟ್ಟು ಕಟ್ಟಿಸಿಕೊಂಡು ನನ್ನ ಸೊಂಟದ ಮೇಲೆ ಇದ್ದಾನೆ. ಈಗಿನ ಹುಡುಗನಿಗೂ ಅದಕ್ಕೂ ಸಂಬಂಧವೇ ಕಾಣುವುದಿಲ್ಲ.

ದೇವನಹಳ್ಳಿಯ ಬಾಗಿಲಲ್ಲಿ ನಿಲ್ಲಿಸಿ "ಈ ದಾಖಲೆ ಆಗುವುದಿಲ್ಲ" ಎಂದರೆ ಅಲ್ಲಿಂದ ನಮ್ಮ ಊರಿಗೆ ಮರಳಿ ಬಂದು ಹೋಗುವ ದೂರವಲ್ಲ. ದಯವಿಟ್ಟು ತಿಳಿದವರು ಹೇಳಿ.

ಶ್ರೀರಂಗಪಟ್ಟಣದ ಪಯಣಿಗ

ಅಮ್ಮ, ಚಿಂತೆ ಬೇಡ. ದೇಶದೊಳಗಿನ ವಿಮಾನಕ್ಕೆ ದೊಡ್ಡವರ ಬಳಿ ಗುರುತಿನ ಚೀಟಿ ಇದ್ದರೆ ಮಕ್ಕಳಿಗೆ ಏನೂ ಬೇಡ. ನಾವು ಕಳೆದ ವರ್ಷ ಇಬ್ಬರು ಮಕ್ಕಳನ್ನು ಕರೆದುಕೊಂಡು ಗೋವಾಕ್ಕೆ ಹೋಗಿಬಂದೆವು, ಬಾಗಿಲಲ್ಲಿ ಯಾರೂ ಒಂದು ಮಾತು ಕೇಳಲಿಲ್ಲ.

ಹಳೆಯ ಕೌಂಟರ್, ಮೈಸೂರು

ಮೇಲಿನವರು ಹೇಳಿದ್ದು ಅರ್ಧ ಸರಿ. ಉಳಿದ ಅರ್ಧದಿಂದಲೇ ಜನರು ಕೌಂಟರಿನ ಮುಂದೆ ಕಣ್ಣೀರು ಹಾಕುವುದನ್ನು ನಾನು ನೋಡಿದ್ದೇನೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಾನು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಒಂದು ವಿಮಾನ ಸಂಸ್ಥೆಯ ಚೆಕ್-ಇನ್ ಕೌಂಟರಿನಲ್ಲಿ ಆರು ವರ್ಷ ಕೆಲಸ ಮಾಡಿದವಳು. ಈಗ ಕುವೆಂಪುನಗರದಲ್ಲಿ ಟಿಕೆಟ್ ಮಾಡಿಕೊಡುವ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ. ಚಿಕ್ಕ ಮಕ್ಕಳಿಗೆ ಟಿಕೆಟ್ ಮಾಡಿಸಲು ಬಂದವರನ್ನು ದಾಖಲೆ ತೋರಿಸದೆ ನಾನು ಕಳಿಸುವುದಿಲ್ಲ.

ವಿಮಾನ ನಿಲ್ದಾಣದಲ್ಲಿ ನಿಮ್ಮನ್ನು ಎರಡು ಕಡೆ ಕೇಳುತ್ತಾರೆ, ಕೇಳುವ ಪ್ರಶ್ನೆ ಮಾತ್ರ ಬೇರೆ ಬೇರೆ. ಬಾಗಿಲಲ್ಲಿ ನಿಂತಿರುವ ಸಿಐಎಸ್‌ಎಫ್ ಸಿಬ್ಬಂದಿ ಕೇಳುವುದು "ನೀವು ಯಾರು" ಎಂದು. ಒಳಗೆ ಕೌಂಟರಿನಲ್ಲಿ ವಿಮಾನ ಸಂಸ್ಥೆಯವರು ಕೂಸನ್ನು ನೋಡಿ ಕೇಳುವುದು "ಇದಕ್ಕೆ ಎಷ್ಟು ವಯಸ್ಸು" ಎಂದು. ಬಾಗಿಲು ದಾಟಿದ ಕೂಡಲೇ ಎಲ್ಲ ಮುಗಿಯಿತು ಎಂದುಕೊಳ್ಳುವುದೇ ತಪ್ಪು.

ಬಾಗಿಲಿನ ವಿಚಾರ ಮೊದಲು ಹೇಳುತ್ತೇನೆ. ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ 2017ರ ಅಕ್ಟೋಬರಿನಲ್ಲಿ ಹತ್ತು ಬಗೆಯ ಗುರುತಿನ ದಾಖಲೆಗಳ ಪಟ್ಟಿ ಹೊರಡಿಸಿತು. ಪಾಸ್‌ಪೋರ್ಟ್, ಮತದಾರರ ಗುರುತಿನ ಚೀಟಿ, ಆಧಾರ್ ಅಥವಾ ಎಂ-ಆಧಾರ್, ಪ್ಯಾನ್, ಚಾಲನಾ ಪರವಾನಗಿ ಮೊದಲಾದವು ಅದರಲ್ಲಿವೆ. ಗುರುತಿನ ಚೀಟಿ ಇರುವ ತಂದೆ ತಾಯಿಯ ಜೊತೆ ಹೋಗುವ ಅಪ್ರಾಪ್ತ ಮಕ್ಕಳಿಗೆ ಬೇರೆ ಗುರುತಿನ ದಾಖಲೆ ಬೇಡವೆಂದು ಅದೇ ಆದೇಶ ಹೇಳುತ್ತದೆ. ಗೋವಾಕ್ಕೆ ಹೋದವರಿಗೆ ತೊಂದರೆ ಆಗದಿದ್ದುದು ಇದರಿಂದಲೇ. ನಿಮ್ಮ ಮಗಳು ಜೊತೆಯಲ್ಲಿರುವುದರಿಂದ ಕೂಸಿಗೂ ಬಾಗಿಲಲ್ಲಿ ತೊಡಕಿಲ್ಲ.

ಕೂಸಿನ ತೊಡಕು ಕೌಂಟರಿನಲ್ಲಿ ಬರುತ್ತದೆ. 2 ವರ್ಷ ತುಂಬದ ಮಗುವಿಗೆ ಸೀಟು ಕೊಡುವುದಿಲ್ಲ, ಮಡಿಲಲ್ಲೇ ಕೂರಿಸಿಕೊಳ್ಳಬೇಕು, ಅದಕ್ಕೆ ಕಡಿಮೆ ಶುಲ್ಕ. ಮಗುವಿಗೆ 2 ತುಂಬಿಲ್ಲ ಎನ್ನುವುದಕ್ಕೆ ವಿಮಾನ ಸಂಸ್ಥೆಯವರು ಸಾಕ್ಷಿ ಕೇಳುತ್ತಾರೆ. ಜನನ ಪ್ರಮಾಣಪತ್ರ, ಆಸ್ಪತ್ರೆಯಿಂದ ತಾಯಿಗೆ ಕೊಟ್ಟ ಬಿಡುಗಡೆ ಪತ್ರ, ಲಸಿಕೆ ಹಾಕಿಸಿದ ಕಾರ್ಡು, ಮಗುವಿನ ಪಾಸ್‌ಪೋರ್ಟ್: ಇವುಗಳಲ್ಲಿ ಒಂದು ಸಾಕು. ಒಂದೂ ಇಲ್ಲದಿದ್ದರೆ ಮಗುವಿಗೆ ಸೀಟಿನ ಟಿಕೆಟ್ ಕೊಳ್ಳಿ ಎನ್ನುತ್ತಾರೆ, ಅದೂ ಆ ಹೊತ್ತಿನ ದರದಲ್ಲಿ.

ಒಂದು ಬೆಳಗಿನ ಜಾವ ಹುಣಸೂರು ಕಡೆಯ ದಂಪತಿ ನನ್ನ ಕೌಂಟರಿಗೆ ಬಂದರು. ಮಗುವಿಗೆ ಒಂದು ವರ್ಷ ಹತ್ತು ತಿಂಗಳು ಎಂದರು. ಮಗು ಮೈತುಂಬಿಕೊಂಡಿತ್ತು, ನೋಡಿದವರು ಮೂರು ಎನ್ನಬೇಕು. ದಾಖಲೆ ಮನೆಯ ಬೀರುವಿನಲ್ಲಿ. ಆ ತಂದೆ ಮೊಬೈಲಿನಲ್ಲಿ ಲಸಿಕೆ ಕಾರ್ಡಿನ ಒಂದು ಚಿತ್ರ ಹುಡುಕಿ ತೋರಿಸಿದರು. ಕಾರ್ಡು ಮಡಚಿದ್ದ ಗೆರೆಯ ಮೇಲೆಯೇ ಹುಟ್ಟಿದ ತಾರೀಖು ಬಿದ್ದಿತ್ತು. ತಿಂಗಳು ಕಾಣುತ್ತಿತ್ತು, ವರ್ಷ ಕಾಣುತ್ತಿರಲಿಲ್ಲ. ಆ ತಾಯಿ ಬಟ್ಟೆಯ ಚೀಲವನ್ನು ನೆಲದ ಮೇಲೆ ಸುರಿದು ಒಂದೊಂದೇ ಲಂಗೋಟಿ ಬಿಡಿಸಿ ನೋಡಿದರು, ಕಾಗದ ಎಲ್ಲಾದರೂ ಸೇರಿಕೊಂಡಿದೆಯೇ ಎಂದು. ನಾನು ಮೇಲಧಿಕಾರಿಯನ್ನು ಕೇಳಿದೆ, ಆಗುವುದಿಲ್ಲ ಎಂದರು. ಅವರು ಕೊನೆಗೆ ಹಣ ಕಟ್ಟಿದರು. ಆ ಮಗುವಿಗೆ 2 ತುಂಬಿರಲಿಲ್ಲ ಎಂದು ನಾನು ಇಂದಿಗೂ ನಂಬುತ್ತೇನೆ.

ಅಮ್ಮ, ನಿಮ್ಮ ಮಗಳ ತಾಯಿ ಕಾರ್ಡು ಜೋಪಾನವಾಗಿದೆ ತಾನೇ? ಅದನ್ನು ಖಂಡಿತ ಒಯ್ಯಿರಿ. ಹುಟ್ಟಿದ ದಿನದ ಬಿಸಿಜಿ, ಆಮೇಲೆ ಒಂದೂವರೆ ತಿಂಗಳಿನಿಂದ ಹಾಕಿಸಿದ ಲಸಿಕೆಗಳು, ಎಲ್ಲವೂ ತಾರೀಖಿನ ಸಮೇತ ಅದರಲ್ಲಿ ಇರುತ್ತವೆ, ಮೇಲೆ ತಾಯಿಯ ಹೆಸರು ಇರುತ್ತದೆ. ಜನನ ಪ್ರಮಾಣಪತ್ರದಲ್ಲಿ ಕೂಸಿನ ಹೆಸರಿಲ್ಲದಿದ್ದಾಗ ನಾವು ನೋಡುತ್ತಿದ್ದುದು ಎರಡನ್ನೇ: ತಾಯಿಯ ಹೆಸರು ಆಕೆಯ ಆಧಾರ್‌ಗೆ ಹೊಂದುತ್ತದೆಯೇ, ಹುಟ್ಟಿದ ತಾರೀಖು ಟಿಕೆಟ್ಟಿಗೆ ಹೊಂದುತ್ತದೆಯೇ. ಪ್ರಮಾಣಪತ್ರ ಮತ್ತು ತಾಯಿ ಕಾರ್ಡು ಎರಡನ್ನೂ ಜೊತೆಯಲ್ಲಿಟ್ಟು ಕೊಟ್ಟರೆ ಮಾತು ಬೆಳೆಯುವುದಿಲ್ಲ.

ಆದರೂ ಹೆಸರು ಸೇರಿಸುವ ಕೆಲಸವನ್ನು ಮುಂದೂಡಬೇಡಿ. ಜನನ ನೋಂದಣಿಯಾದ ಮೇಲೆ 12 ತಿಂಗಳೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ. ಆಮೇಲೆ ತಡದ ಶುಲ್ಕ ಕಟ್ಟಿ 15 ವರ್ಷದವರೆಗೆ ಸೇರಿಸಬಹುದು. ಎಲ್ಲಿ ನೋಂದಣಿ ಆಗಿದೆಯೋ ಅಲ್ಲಿಯೇ ಅರ್ಜಿ ಕೊಡಬೇಕು. ಮಂಡ್ಯದಲ್ಲಿ ಹುಟ್ಟಿದ ಕೂಸಿಗೆ ಪುಣೆಯಲ್ಲಿ ಕುಳಿತು ಇದನ್ನು ಮಾಡಿಸುವುದು ಕಷ್ಟ. ಮಗಳು ಇಲ್ಲಿರುವಾಗಲೇ ಆಕೆಯ ಸಹಿ ಹಾಕಿಸಿ ಅರ್ಜಿ ಕೊಟ್ಟುಬಿಡಿ.

ನನಗೆ ಹೆಚ್ಚು ಕಳವಳವಿರುವುದು ಹುಡುಗನ ವಿಷಯದಲ್ಲಿ. ತಂದೆ ತಾಯಿ ಜೊತೆಯಲ್ಲಿಲ್ಲ. ಅಜ್ಜಿ ಪೋಷಕರೇ ತಾನೇ ಎನ್ನಬಹುದು, ಬಹಳ ಸಲ ಬಿಡುತ್ತಾರೆ ಕೂಡ. ಆದರೆ ಬಾಗಿಲಲ್ಲಿ ನಿಂತವನ ಮನಸ್ಸನ್ನು ನಂಬಿ 140 ಕಿಲೋಮೀಟರ್ ಪ್ರಯಾಣ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಅವನಿಗೆ ಅವನದೇ ಗುರುತಿನ ದಾಖಲೆ ಇರಲಿ. ನೀಲಿ ಆಧಾರ್ 5 ವರ್ಷದೊಳಗಿನವರದು. 5 ತುಂಬಿದ ಮೇಲೆ ಬೆರಳಚ್ಚು, ಕಣ್ಣಿನ ಪಾಪೆ, ಹೊಸ ಭಾವಚಿತ್ರ ಕೊಟ್ಟು ನವೀಕರಿಸಬೇಕು. 7 ದಾಟಿದರೂ ಮಾಡಿಸದಿದ್ದರೆ ಆ ಸಂಖ್ಯೆಯನ್ನೇ ನಿಷ್ಕ್ರಿಯ ಮಾಡಬಹುದು. ನಿಮ್ಮ ಮೊಮ್ಮಗ ಆ ಗೆರೆ ದಾಟಿ ಎರಡು ತಿಂಗಳಾಗಿದೆ. 2025ರ ಅಕ್ಟೋಬರ್ 1ರಿಂದ ಒಂದು ವರ್ಷದ ಕಾಲ 7ರಿಂದ 15 ವರ್ಷದವರಿಗೂ ಇದರ ಶುಲ್ಕ ಮನ್ನಾ ಆಗಿದೆ, ಆದ್ದರಿಂದ ಖರ್ಚಿಲ್ಲ. ಚಾಕಿ ಹುಳು ಬರುವ ಮೊದಲೇ ನಿಮ್ಮ ಮಗ ಹುಡುಗನನ್ನು ಕರೆದುಕೊಂಡು ಆಧಾರ್ ಕೇಂದ್ರಕ್ಕೆ ಹೋಗಲಿ. ನಾಳೆಯೇ ಹೋಗಲಿ.

ಜೆರಾಕ್ಸ್ ಪ್ರತಿ ನಡೆಯುವುದಿಲ್ಲ, ವಾಟ್ಸಾಪಿನಲ್ಲಿ ಬಂದ ಚಿತ್ರವೂ ನಡೆಯುವುದಿಲ್ಲ. ಎಂ-ಆಧಾರ್ ಆ್ಯಪ್‌ನಲ್ಲಿ ತೋರಿಸಿದರೆ ಒಪ್ಪುತ್ತಾರೆ. ಒಂದೇ ಮೊಬೈಲ್ ಸಂಖ್ಯೆ ಜೋಡಿಸಿದ್ದರೆ ಮನೆಯ ಐದು ಜನರ ಆಧಾರನ್ನು ಅದರಲ್ಲಿ ಇಟ್ಟುಕೊಳ್ಳಬಹುದು.

ಇಬ್ಬರ ಅಪ್ಪ, ವಿಜಯನಗರ

ಮೇಡಂ ಎಲ್ಲವನ್ನೂ ಹೇಳಿದ್ದಾರೆ, ನನ್ನ ಅನುಭವದ ಎರಡು ಮಾತು ಸೇರಿಸುತ್ತೇನೆ.

ನಮ್ಮ ಕಡೆಯವರಿಗೆ ಅಡ್ಡಹೆಸರು ಇರುವುದಿಲ್ಲ, ಇನಿಷಿಯಲ್ ಮಾತ್ರ. ಟಿಕೆಟ್ ಮಾಡುವಾಗ ಕೊನೆಯ ಹೆಸರಿನ ಜಾಗ ಖಾಲಿ ಬಿಡಲು ಬರುವುದಿಲ್ಲ. ನಾನು ಅಲ್ಲಿ ಮಗಳಿಗೆ ನನ್ನ ಪೂರ್ತಿ ಹೆಸರು ಹಾಕಿದೆ, ಆಧಾರ್‌ನಲ್ಲಿ ಇದ್ದುದು ಎರಡು ಇನಿಷಿಯಲ್. ಕೌಂಟರಿನಲ್ಲಿ ಹತ್ತು ನಿಮಿಷ ವಿವರಣೆ ಕೊಡಬೇಕಾಯಿತು. ಆಧಾರ್‌ನಲ್ಲಿ ಹೇಗಿದೆಯೋ ಹಾಗೆಯೇ, ಅಕ್ಷರ ಅಕ್ಷರ ನೋಡಿ ಹಾಕಿ. ಅಮ್ಮ, ಮೊಮ್ಮಗನ ಟಿಕೆಟ್ ಈಗಲೇ ತೆಗೆದು ನೋಡಿ; ತಪ್ಪಿದ್ದರೆ ಈಗ ಫೋನ್ ಮಾಡಿ ಸರಿಪಡಿಸಿಕೊಳ್ಳುವುದು ಸುಲಭ.

ಇನ್ನೊಂದು, ವಯಸ್ಸನ್ನು ಟಿಕೆಟ್ ಮಾಡಿದ ದಿನಕ್ಕಲ್ಲ, ಹಾರುವ ದಿನಕ್ಕೆ ಲೆಕ್ಕ ಹಾಕುತ್ತಾರೆ. ನನ್ನ ಮಗ ದೆಹಲಿಗೆ ಹೋಗುವಾಗ 2 ತುಂಬದವನು, ಬರುವಾಗ ತುಂಬಿದವನು. ಬರುವಾಗ ಅವನಿಗೆ ಸೀಟು ಕೊಳ್ಳಬೇಕಾಯಿತು.

ಹಳೆಯ ಕೌಂಟರ್, ಮೈಸೂರು

ಇದು ನಾನು ಬಿಟ್ಟ ಮಾತು, ನೆನಪಿಸಿದ್ದು ಒಳ್ಳೆಯದಾಯಿತು. ಜೊತೆಗೆ ಇನ್ನೊಂದನ್ನು ನೋಡಿಕೊಳ್ಳಿ ಅಮ್ಮ: ನಿಮ್ಮದೂ ಹುಡುಗನದೂ ಟಿಕೆಟ್ ಒಂದೇ ಬುಕಿಂಗ್ ಸಂಖ್ಯೆಯಲ್ಲಿ, ಅಂದರೆ ಒಂದೇ ಪಿಎನ್‌ಆರ್‌ನಲ್ಲಿ ಇರಬೇಕು. ಬೇರೆ ಬೇರೆ ಇದ್ದರೆ ಅವರ ಕಂಪ್ಯೂಟರಿಗೆ ಅವನು ಒಂಟಿಯಾಗಿ ಹೊರಟ ಮಗು. ಒಂದೇ ಪಿಎನ್‌ಆರ್‌ನಲ್ಲಿರುವ 12 ವರ್ಷದೊಳಗಿನ ಮಕ್ಕಳನ್ನು ತಂದೆ ತಾಯಿ ಅಥವಾ ಪೋಷಕರಲ್ಲಿ ಒಬ್ಬರ ಪಕ್ಕದಲ್ಲೇ ಕೂರಿಸಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2024ರ ಏಪ್ರಿಲ್‌ನಲ್ಲಿ ವಿಮಾನ ಸಂಸ್ಥೆಗಳಿಗೆ ಸೂಚಿಸಿದೆ. ಪಕ್ಕದ ಸೀಟು ಬರದಿದ್ದರೆ ಕೌಂಟರಿನಲ್ಲಿ ಕೇಳಿ, ಸಂಕೋಚ ಬೇಡ.

ಹಳ್ಳಿಯಜ್ಜಿ, ಮಂಡ್ಯ

ತಾಯಿ, ನಿನಗೆ ಎಷ್ಟು ಹೇಳಿದರೂ ಸಾಲದು. ಮಾರನೆಯ ದಿನವೇ ಮಗ ಹುಡುಗನನ್ನು ಅಂಚೆ ಕಚೇರಿಯ ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋದ. ಬೆರಳು ಮೊದಲ ಸಲ ಮೂಡಲಿಲ್ಲ, ಮಣ್ಣಿನಲ್ಲಿ ಆಡುವ ಕೈ. ಅಲ್ಲಿದ್ದ ಹುಡುಗಿ ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಇಡಿಸಿದಳು, ಆಗ ಬಂತು. ಹೊರಡಲು ನಾಲ್ಕು ದಿನ ಇರುವಾಗ ಹೊಸ ಆಧಾರ್ ಮಗನ ಮೊಬೈಲಿಗೆ ಸಿಕ್ಕಿತು. ಮಂಡ್ಯದಲ್ಲಿ ಅದನ್ನು ಮುದ್ರಿಸಿಕೊಂಡೆವು, ಎಂ-ಆಧಾರ್‌ನಲ್ಲೂ ಹಾಕಿಸಿಕೊಂಡೆವು. ಟಿಕೆಟ್ಟಿನಲ್ಲಿ ಅವನ ಇನಿಷಿಯಲ್ ಹಿಂದುಮುಂದಾಗಿತ್ತು, ಅಳಿಯಂದಿರು ಫೋನ್ ಮಾಡಿ ಸರಿಮಾಡಿಸಿದರು.

ಮೊನ್ನೆ ಪುಣೆ ತಲುಪಿದೆವು. ಬಾಗಿಲಲ್ಲಿ ನಿಂತಿದ್ದ ಸಿಬ್ಬಂದಿ ಹುಡುಗನ ಆಧಾರ್ ನೋಡಿ, ಅವನ ಮುಖ ನೋಡಿ, "ಯಾರು ಇವರು" ಎಂದು ನನ್ನ ಕಡೆ ಕೈ ತೋರಿಸಿ ಹಿಂದಿಯಲ್ಲಿ ಕೇಳಿದರು. ಅವನಿಗೆ ಹಿಂದಿ ಬರುವುದಿಲ್ಲ. ಆದರೂ ಅರ್ಥವಾಯಿತೇನೋ, ನನ್ನ ಸೆರಗು ಹಿಡಿದುಕೊಂಡು "ನಮ್ಮಜ್ಜಿ" ಎಂದ. ಬಿಟ್ಟರು.

ಕೌಂಟರಿನ ಹುಡುಗಿ ಜನನ ಪ್ರಮಾಣಪತ್ರ ನೋಡಿ "ಮಗುವಿನ ಹೆಸರಿಲ್ಲವಲ್ಲ" ಎಂದೇ ಶುರು ಮಾಡಿದಳು. ನನ್ನ ಎದೆ ಡವಡವ ಎಂದಿತು. ಮಗಳು ತಾಯಿ ಕಾರ್ಡು ತೆಗೆದು ಮುಂದಿಟ್ಟಳು. ಬಾಣಂತಿ ಕೋಣೆಯಲ್ಲಿ ಇಟ್ಟಿದ್ದಕ್ಕೆ ಅದರ ಮೂಲೆಗೆ ಎಣ್ಣೆ, ಅರಿಶಿನ ತಾಗಿತ್ತು. ಆ ಹುಡುಗಿ ಹಾಳೆ ತಿರುಗಿಸಿ, ತಾರೀಖಿನ ಮೇಲೆ ಬೆರಳಿಟ್ಟು ಓದಿ, ಮಗಳ ಆಧಾರ್ ಪಕ್ಕದಲ್ಲಿ ಹಿಡಿದು ನೋಡಿ ಬೋರ್ಡಿಂಗ್ ಪಾಸ್ ಕೊಟ್ಟಳು.

ಹೊರಡುವ ಮುನ್ನ ಹೆಸರು ಸೇರಿಸುವ ಅರ್ಜಿಯನ್ನೂ ಕೊಟ್ಟು ಬಂದಿದ್ದೇವೆ. ಈಗ ಒಂದು ಸಂದೇಹ. ಮುಂದಿನ ತಿಂಗಳು ನಾನೂ ಮೊಮ್ಮಗನೂ ಇಬ್ಬರೇ ಹಿಂದಿರುಗುತ್ತೇವೆ, ಮಗಳು ಇರುವುದಿಲ್ಲ. ಆಗ ಬೇರೇನಾದರೂ ಬೇಕೇ?

ಹಳೆಯ ಕೌಂಟರ್, ಮೈಸೂರು

ಓದಿ ಮನಸ್ಸು ತುಂಬಿ ಬಂತು ಅಮ್ಮ. ಹಿಂದಿರುಗುವಾಗ ಬೇರೇನೂ ಬೇಡ, ನಿಮ್ಮ ಆಧಾರ್, ಅವನ ಆಧಾರ್, ಇಬ್ಬರದೂ ಇರುವ ಟಿಕೆಟ್. ಅವನ ಜನನ ಪ್ರಮಾಣಪತ್ರ ಮನೆಯಲ್ಲಿದ್ದರೆ ಮಗನಿಗೆ ಹೇಳಿ ಅಂಚೆಯಲ್ಲಿ ತರಿಸಿಕೊಳ್ಳಿ, ಕೈಯಲ್ಲಿರಲಿ. ಇವನ್ನೆಲ್ಲ ಕೌಂಟರಿನಲ್ಲಿ ಕೊಟ್ಟುಬಿಡುವ ದೊಡ್ಡ ಚೀಲಕ್ಕೆ ಹಾಕಬೇಡಿ. ನಿಮ್ಮ ಕೈಚೀಲದಲ್ಲಿ, ಮೇಲುಗಡೆಯೇ ಇಟ್ಟುಕೊಳ್ಳಿ.