ಓದುಗರ ಸ್ಪಂದನ: ಎಂಜಿನಿಯರುಗಳ ನಡುವೆ ಒಬ್ಬಳೇ ಫಿಸಿಕ್ಸ್‌ನವಳು

ಕಳೆದ ಸಂಚಿಕೆಯ ಪ್ರಶ್ನೆ: ಎಂ.ಎಸ್ಸಿ. ಫಿಸಿಕ್ಸ್ ಮುಗಿಸಿ ಪೀಣ್ಯದ ಲೆನ್ಸ್ ಕೋಟಿಂಗ್ ಕಂಪನಿಯೊಂದರಲ್ಲಿ ಕ್ಯೂಸಿ (ಗುಣಮಟ್ಟ ಪರೀಕ್ಷೆ) ಕೆಲಸಕ್ಕಿದ್ದೇನೆ. ಬಡ್ತಿಯ ಮಾತು ಬಂದಾಗೆಲ್ಲ ಬಿ.ಇ. ಕೇಳುತ್ತಾರೆ. ಸಂಶಯ ಬಂದರೆ ಕೇಳೋಣ ಅಂದರೆ ಫಿಸಿಕ್ಸ್ ಓದಿದ ಹಿರಿಯರು ಯಾರೂ ಇಲ್ಲ. ಮನೆಯಲ್ಲಿ ಬಿ.ಎಡ್. ಮಾಡು ಅಂತಾರೆ. ಏನು ಮಾಡಲಿ?

*

ತಂಗೀ, ನಾನೂ ಎಂ.ಎಸ್ಸಿ.ಯವನೇ. ಗಾಳಿ ತೆಗೆದು ಲೆನ್ಸಿಗೆ ಪದರ ಕೂರಿಸುವ ಕೋಟಿಂಗ್ ಚೇಂಬರಿನ ಪಕ್ಕದಲ್ಲೇ ತಲೆ ನರೆತಿದೆ. ನಿಮ್ಮ ಪತ್ರದಲ್ಲಿ ಪದವಿ ಇದೆ, ಹುದ್ದೆ ಇದೆ, ದಿನಾ ಮಾಡುವ ಕೆಲಸ ಮಾತ್ರ ಇಲ್ಲ. ಕಂಪನಿಯವರಿಗೂ ಅದು ಕಾಣುತ್ತಿಲ್ಲವೇನೋ.

ಬರೀ ಗಾಜಿನ ಒಂದೊಂದು ಮೈಯಿಂದ ಸುಮಾರು 4% ಬೆಳಕು ವಾಪಸ್ ಬರುತ್ತದೆ. ಅದರ ಮೇಲೆ 100 ನ್ಯಾನೊಮೀಟರಿನಷ್ಟು ಮೆಗ್ನೀಷಿಯಂ ಫ್ಲೋರೈಡ್ ಕೂರಿಸಿದರೆ, ಹಸಿರು ಬೆಳಕಿಗೆ ಅದು 1.5%ಗಿಂತ ಕೆಳಗಿಳಿಯುತ್ತದೆ. ರೆಸಿಪಿ ಇದ್ದರೆ ಬಟನ್ ಒತ್ತಲು ಯಾರಾದರೂ ಆದೀತು. ಚೇಂಬರಿನಿಂದ ತೆಗೆದ ಮೇಲೆ ಕರ್ವ್, ಅಂದರೆ ಯಾವ ಬಣ್ಣದ ಬೆಳಕು ಎಷ್ಟು ವಾಪಸ್ ಬರುತ್ತದೆ ಎಂಬ ಗ್ರಾಫ್, ಕೆಂಪಿನ ಕಡೆ ಜರುಗಿತು ಅನ್ನಿ. ಪದರದ ಸಣ್ಣ ರಂಧ್ರಗಳು ಗಾಳಿಯ ತೇವ ಹೀರಿವೆ, ಅದಕ್ಕೇ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) ಏರಿದೆ ಎಂದು ಹೇಳುವವರು ಯಾರು? ಮಳೆಗಾಲದಲ್ಲಿ ರಿಜೆಕ್ಷನ್ ಜಾಸ್ತಿ ಅಂತ ಎಲ್ಲರೂ ಗೊಣಗುತ್ತಾರೆ, ಕಾರಣ ಹುಡುಕುವ ಕೆಲಸ ನಿಮ್ಮ ತಲೆಗೇ ಬಂದಿರುತ್ತದೆ, ಅಲ್ವಾ?

ಇಂಥದ್ದನ್ನೆಲ್ಲ ಬರೆದಿಡಿ. ಯಾವ ಬ್ಯಾಚು, ಏನು ಕಾರಣ, ಏನು ಬದಲಿಸಿದಿರಿ, ಆಮೇಲೆ ರಿಜೆಕ್ಷನ್ ಎಷ್ಟಾಯಿತು. ಅಪ್ರೈಸಲ್‌ನಲ್ಲಿ ಅದನ್ನೇ ಮುಂದಿಟ್ಟು, ಕ್ಯೂಸಿಯಿಂದ ಕೋಟಿಂಗ್ ಮಾಡುವ ಪ್ರೋಸೆಸ್ ವಿಭಾಗಕ್ಕೆ ಹಾಕಿ ಎಂದು ಕೇಳಿ. ಬರೀ ಅಳತೆ ಮಾಡುವ ಕಡೆ ಬಡ್ತಿ ನಿಧಾನ.

ಹಿರಿಯರು ಹೊರಗೆ ಸಿಗುತ್ತಾರೆ. ಇಂಡಿಯನ್ ವ್ಯಾಕ್ಯೂಮ್ ಸೊಸೈಟಿ 1970ರಿಂದ ಇದೆ, ಆಪ್ಟಿಕಲ್ ಸೊಸೈಟಿ ಆಫ್ ಇಂಡಿಯಾ ಅದಕ್ಕೂ ಹಳೆಯದು. ಮೆಟೀರಿಯಲ್ಸ್ ರಿಸರ್ಚ್ ಸೊಸೈಟಿ ಆಫ್ ಇಂಡಿಯಾದ ಕಚೇರಿ ಐಐಎಸ್‌ಸಿ ಆವರಣದಲ್ಲೇ ಇದೆ, ಪೀಣ್ಯದಿಂದ ಎಷ್ಟು ದೂರ ಹೇಳಿ! ಇವರ ಸಭೆಗಳಿಗೆ ಹೋಗಿ, ಅಲ್ಲಿ ಭಾಷಣಕ್ಕಿಂತ ಟೀ ಬ್ರೇಕ್ ಮುಖ್ಯ. ಪಂಪ್ ಮಾರುವವರಿಂದ ಹಿಡಿದು ಪ್ರೊಫೆಸರ್‌ವರೆಗೆ ಎಲ್ಲರೂ ಅಲ್ಲೇ ನಿಂತಿರುತ್ತಾರೆ. ಐಐಎಸ್‌ಸಿಯ ಸೆನ್ಸ್ (ನ್ಯಾನೊ ವಿಜ್ಞಾನ ಮತ್ತು ಎಂಜಿನಿಯರಿಂಗ್) ಕೇಂದ್ರದ ಲ್ಯಾಬಿಗೆ ಹೊರಗಿನ ಕಂಪನಿಗಳೂ ದುಡ್ಡು ಕೊಟ್ಟು ಸ್ಯಾಂಪಲ್ ಪರೀಕ್ಷೆ ಮಾಡಿಸಬಹುದು. ನಿಮ್ಮ ಬಾಸ್‌ಗೆ ಹೇಳಿ, ಸ್ಯಾಂಪಲ್ ಹಿಡಿದು ನೀವೇ ಹೋಗಿ.

— ಥಿನ್ ಫಿಲ್ಮ್ (ತೆಳು ಪದರ) ಉದ್ಯಮದ ಉದ್ಯೋಗಿ, ಬೆಂಗಳೂರು

*

ಮೇಲಿನಂಥ ಸಲಹೆ ಕಂಪನಿಯೊಳಗೆ ಗುರುತಿರುವವರಿಗೆ ಸರಿ. ನಾನು ಎಚ್‌ಆರ್‌ನವಳು, ಇರೋದನ್ನು ಹೇಳಿಬಿಡ್ತೀನಿ. ನಾಳೆ ನೀವು ಬೇರೆ ಕಂಪನಿಗೆ ಅರ್ಜಿ ಹಾಕಿದರೆ, ಕಂಪ್ಯೂಟರ್ ಮೊದಲು ‘ಬಿ.ಇ./ಬಿ.ಟೆಕ್./ಎಂ.ಟೆಕ್.’ ಅಂತ ಜರಡಿ ಹಿಡಿಯುತ್ತದೆ. ನಿಮ್ಮ ನೋಟ್‌ಬುಕ್ ನೋಡುವಷ್ಟು ಹೊತ್ತಿಗೆ ಅರ್ಜಿಯೇ ಇರೋದಿಲ್ಲ. ಎಂ.ಟೆಕ್. ಸೇರಲು ಬರೆಯುವ ಗೇಟ್ ಪರೀಕ್ಷೆಯಲ್ಲಿ ಫಿಸಿಕ್ಸ್ ಪೇಪರ್ ಇದೆ, ಬರೆಯಿರಿ. ಕೊಚ್ಚಿಯ ಕುಸಾಟ್ ವಿಶ್ವವಿದ್ಯಾಲಯದಲ್ಲಿ ಆಪ್ಟೊಎಲೆಕ್ಟ್ರಾನಿಕ್ಸ್ ಮತ್ತು ಲೇಸರ್ ಎಂ.ಟೆಕ್. ಇದೆ, ಫಿಸಿಕ್ಸ್ ಎಂ.ಎಸ್ಸಿ.ಯವರನ್ನೂ ತಗೊಳ್ಳುತ್ತಾರೆ. ಎರಡು ವರ್ಷ ಸಂಬಳ ಹೋಗುತ್ತದೆ ನಿಜ. ಆದರೆ ಬಿ.ಇ. ಇದೆಯಾ ಅನ್ನುವ ಪ್ರಶ್ನೆ ಮತ್ತೆ ಯಾರೂ ಕೇಳೋದಿಲ್ಲ.

— ಎಚ್‌ಆರ್ ಮ್ಯಾನೇಜರ್, ಹೊಸೂರು ರಸ್ತೆ

*

ಆಸ್ಪತ್ರೆಯ ದಾರಿಯೂ ಇದೆ. ನಾನು ಮೈಸೂರಿನಲ್ಲಿ ಮೆಡಿಕಲ್ ಫಿಸಿಸಿಸ್ಟ್. ರೇಡಿಯೊಥೆರಪಿ (ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ) ಇರುವ ಕಡೆ ನಮ್ಮಂಥವರು ಇರಲೇಬೇಕು, ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ (ಎಇಆರ್‌ಬಿ) ನಿಯಮ. ಎಂ.ಎಸ್ಸಿ. ಆದಮೇಲೆ ಮುಂಬಯಿಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ (ಬಿಎಆರ್‌ಸಿ) ಒಂದು ವರ್ಷದ ಡಿಪ್ಲೊಮಾ, ನಂತರ ಆಸ್ಪತ್ರೆಯಲ್ಲಿ ಒಂದು ವರ್ಷ ಇಂಟರ್ನ್‌ಶಿಪ್. ಇಲ್ಲಿ ಫಿಸಿಕ್ಸ್ ಓದಿದ್ದಕ್ಕೇ ಕೆಲಸ. ಆದರೆ ವಿಕಿರಣದ ಡೋಸ್ ಲೆಕ್ಕ ಮಾಡುವಾಗ ಎದುರಿಗೆ ರೋಗಿ ಇರುತ್ತಾರೆ. ಅದು ಎಲ್ಲರಿಗೂ ಒಗ್ಗೋದಿಲ್ಲ, ಯೋಚಿಸಿ.

*

ನಾನಿರುವುದು ಇಂಗ್ಲೆಂಡಿನಲ್ಲಿ. ಇಲ್ಲಿಯ ಇನ್‌ಸ್ಟಿಟ್ಯೂಟ್ ಆಫ್ ಫಿಸಿಕ್ಸ್ ‘ಚಾರ್ಟರ್ಡ್ ಫಿಸಿಸಿಸ್ಟ್’ ಎಂಬ ಮಾನ್ಯತೆ ಕೊಡುತ್ತದೆ. ಪದವಿಯ ಜೊತೆಗೆ ಕೆಲಸದಲ್ಲಿ ಏನು ಹೊಣೆ ಹೊತ್ತಿರಿ ಎಂದೂ ನೋಡುತ್ತಾರೆ. ಎಂಜಿನಿಯರುಗಳ ಪಕ್ಕದಲ್ಲಿ ಕೂರಲು ನನಗೆ ಅದು ಕೆಲಸಕ್ಕೆ ಬಂದಿದೆ. ನಮ್ಮ ಕಡೆಯ ಎಚ್‌ಆರ್‌ನವರು ಅದಕ್ಕೆ ಬೆಲೆ ಕೊಡುವುದು ಕಷ್ಟ, ಹಾಗಾಗಿ ಅದಕ್ಕೆ ಸುಮ್ನೆ ದುಡ್ಡು ಹಾಕಬೇಡಿ.

— ಓದುಗ, ರೆಡಿಂಗ್

*

ಬಿ.ಎಡ್. ಬಗ್ಗೆ ಯಾರೂ ಬರೆದಿಲ್ಲ ಅಂತ ಬರೆಯುತ್ತಿದ್ದೇನೆ. ಅದು ಹೈಸ್ಕೂಲಿಗೆ, ಪಿಯುಗೆ. ಡಿಗ್ರಿ ಕಾಲೇಜಿಗೆ ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ ಬೇಕು. ಅದು ಪಾಸಾದ ಎಷ್ಟೋ ಜನ ಇನ್ನೂ ಅತಿಥಿ ಉಪನ್ಯಾಸಕರಾಗೇ ಇದ್ದಾರೆ, ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಿಕೊಂಡು. ಪಾಠ ಮಾಡುವ ಆಸೆ ಇದ್ದರೆ ಬನ್ನಿ, ಬಡ್ತಿ ಸಿಗಲಿಲ್ಲ ಅಂತ ಬರಬೇಡಿ. ಮನೆಯವರಿಗೆ ಈ ಪತ್ರ ಓದಿ ಹೇಳಿ.

— ನಿವೃತ್ತ ಪ್ರಾಧ್ಯಾಪಕಿ, ಹಾಸನ