ರ‍್ಯಾಪ್ ಬ್ಯಾಟಲ್ ಫೈನಲ್‌ಗೆ ಅಂಕ ಕೊಡೋದು ಹೇಗೆ? (ಕಾರವಾರ)

ಕೋಡಿಬಾಗ_ಬೀಟ್:
ಕಾರವಾರದ ಕಡಲತೀರದಲ್ಲಿ ಕನ್ನಡ ರ‍್ಯಾಪ್ ಬ್ಯಾಟಲ್ (ಇಬ್ಬರು ಪ್ರಾಸದಲ್ಲೇ ಒಬ್ಬರನ್ನೊಬ್ಬರು ಕೆಣಕೋ ಸ್ಪರ್ಧೆ) ಇಟ್ಟುಕೊಂಡಿದ್ದೇವೆ. ಫೈನಲ್‌ನಲ್ಲಿ ಒಬ್ಬ ಇಲ್ಲಿಯವನೇ, ಇನ್ನೊಬ್ಬ ಶಿರಸಿಯವನು. ಮೊದಲೆರಡು ರೌಂಡ್ ಬೀಟ್ ಇಲ್ಲದೆ, ಬರೆದು ಬಾಯಿಪಾಠ ಮಾಡಿ ಬಂದದ್ದು, ತಲಾ 2 ನಿಮಿಷ. ಮೂರನೆಯದು ಬೀಟ್ ಮೇಲೆ ಫ್ರೀಸ್ಟೈಲ್, ಅಂದರೆ ಅಲ್ಲೇ ಕಟ್ಟಿ ಹೇಳೋದು. ತೀರ್ಪುಗಾರರು 3 ಜನ. ಸಾಹಿತ್ಯ, ಫ್ಲೋ (ತಾಳಕ್ಕೆ ಮಾತು ಹರಿಯೋ ರೀತಿ), ಪಂಚ್‌ಲೈನ್ (ಚುಚ್ಚಿ ಮುಗಿಸೋ ಸಾಲು), ಪ್ರತ್ಯುತ್ತರ, ವೇದಿಕೆ ಹಿಡಿತ, ಐದಕ್ಕೂ 10ರಂತೆ 50 ಅಂಕ ಹಾಕಿಸಿ ಮೂವರದ್ದೂ ಕೂಡಿಸೋಣ ಅಂತಿದ್ದೇವೆ. ಸರಿಯಾ? ಊರ ಹುಡುಗನಿಗೆ ಚಪ್ಪಾಳೆ ಜಾಸ್ತಿ ಬೀಳೋದು ಖಂಡಿತ, ಅದನ್ನು ಹೇಗೆ ನಿಭಾಯಿಸೋದು?

ಸೋದೆ_ತಾಳ:
ಕೂಡಿಸಬೇಡಿ ಮಾರಾಯ್ರೇ. ಇಬ್ಬರು ತೀರ್ಪುಗಾರರು ಮೊದಲನೆಯವನಿಗೆ 38–36, 37–36 ಕೊಟ್ಟರು ಅಂತಿಟ್ಟುಕೊಳ್ಳಿ. ಮೂರನೆಯವರು ಕೈ ಬಿಗಿ ಮಾಡಿ 22–40 ಹಾಕಿದರು. ಒಟ್ಟು 97ಕ್ಕೆ 112. ಇಬ್ಬರು ಗೆದ್ದ ಎಂದವನು ಸೋತ! ಅಂಕವನ್ನು ಯಾರು ಅಗಲವಾಗಿ ಹರಡುತ್ತಾರೋ ತೀರ್ಪು ಅವರ ಕೈಗೆ ಹೋಗುತ್ತದೆ.

ಪ್ರತಿ ತೀರ್ಪುಗಾರರೂ ರೌಂಡ್ ಮುಗಿದ ಕೂಡಲೇ ‘ಈ ರೌಂಡ್ ಯಾರದ್ದು’ ಎಂದು ಒಂದೇ ಹೆಸರು ಬರೆಯಲಿ, ಕೆಳಗೆ ಎರಡು ಸಾಲಿನ ಕಾರಣ. ಚೀಟಿಯನ್ನು ಆಗಲೇ ವಾಪಸ್ ತೆಗೆದುಕೊಳ್ಳಿ. ಕೊನೆಯಲ್ಲಿ ಒಟ್ಟಿಗೆ ಬರೆದರೆ ಮೂರನೇ ರೌಂಡ್ ಮಾತ್ರ ತಲೆಯಲ್ಲಿ ಉಳಿದಿರುತ್ತದೆ. ಹೆಚ್ಚು ರೌಂಡ್ ಗೆದ್ದವನಿಗೆ ಆ ತೀರ್ಪುಗಾರರ ಮತ, ಮೂರರಲ್ಲಿ ಎರಡು ಮತ ಬಂದವನು ವಿಜೇತ. ನಿಮ್ಮ ಐದು ಅಂಶಗಳು ಯೋಚನೆಗೆ ಇರಲಿ, ಲೆಕ್ಕಕ್ಕೆ ಬೇಡ.

ಮೂವರನ್ನೂ ಅಕ್ಕಪಕ್ಕ ಕೂರಿಸಬೇಡಿ. ಒಬ್ಬರು ತಲೆಯಾಡಿಸಿದರೆ ಉಳಿದಿಬ್ಬರ ಪೆನ್ನೂ ಅತ್ತ ವಾಲುತ್ತದೆ.

ಯಾಣ_ಪ್ರಾಸ:
ಕನ್ನಡಕ್ಕೆ ಬಂದಾಗ ತೀರ್ಪುಗಾರರು ಮೋಸ ಹೋಗುವ ಜಾಗ ಒಂದಿದೆ, ಕ್ರಿಯಾಪದದ ಬಾಲ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಸಾಲಿನ ಕೊನೆಗೆ ಬರುತ್ತದೆ, ಪ್ರತ್ಯಯ ಒಂದೇ ಇರುತ್ತದೆ. ಹಾಗಾಗಿ

ವೇದಿಕೆಗೆ ಬರ್ತೀಯಾ, ಮೈಕು ನೀ ಹಿಡೀತೀಯಾ
ನನ್ನ ಕಂಡು ಓಡ್ತೀಯಾ, ಮನೆಗ್ಹೋಗಿ ಅಳ್ತೀಯಾ

ಅಂದರೆ ನಾಲ್ಕು ಪ್ರಾಸ ಬಿದ್ದ ಹಾಗೆ ಕೇಳಿಸುತ್ತದೆ. ಬಿದ್ದದ್ದು ‘ತೀಯಾ’ ಒಂದೇ, ಅದು ವ್ಯಾಕರಣ ಪುಕ್ಕಟೆ ಕೊಟ್ಟದ್ದು. ಪ್ರತ್ಯಯ ಕಿತ್ತು ಹಾಕಿ ನೋಡಿ: ಬರ್, ಹಿಡಿ, ಓಡ್, ಅಳ್. ಏನೂ ಹೊಂದುವುದಿಲ್ಲ. ಧಾತುವಿನಲ್ಲಿ ಅಥವಾ ನಾಮಪದದಲ್ಲಿ ಪ್ರಾಸ ಕೂತರೆ ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಈಗ ಇದನ್ನು ನೋಡಿ:

ನಿನ್ನಾಟ ನೋಡೋಕೆ ನಾಲ್ಕೇ ಜನ ಬಂದರು
ನೀನು ತೂತು ದೋಣಿ, ನಾನು ಬೈತಖೋಲ ಬಂದರು

ಒಂದೇ ಪದ ಎರಡು ಸಲ ಬಂತು ಎಂದು ಇದಕ್ಕೆ ಅಂಕ ಕಡಿದರೆ ಅನ್ಯಾಯ. ಮೊದಲ ‘ಬಂದರು’ ಕ್ರಿಯಾಪದ, ಎರಡನೆಯದು ಹಡಗು ನಿಲ್ಲುವ ಜಾಗ. ನಮ್ಮ ಅಲಂಕಾರಶಾಸ್ತ್ರದಲ್ಲಿ ಇದಕ್ಕೆ ಯಮಕ ಎಂದೇ ಹೆಸರಿದೆ. ಪಂಚ್ ಕೂತದ್ದು ಕೊನೆಯ ಪದದಿಂದ ಮಾತ್ರ ಅಲ್ಲ. ನಡುವೆ ದೋಣಿ ಇಟ್ಟದ್ದರಿಂದ ಬಂದರಿಗೆ ದಾರಿಯಾಯಿತು. ‘ದೋಣಿ’ ತೆಗೆದರೆ ಅದು ಬರೀ ಪದದಾಟ. ಪೀಠಿಕೆ ಕಟ್ಟಿದವನಿಗೂ, ಪಂಚ್ ಮಾತ್ರ ಎಸೆದವನಿಗೂ ಇರುವ ಫರಕು ಇಷ್ಟೇ.

ಫ್ಲೋ ನೋಡುವಾಗ ಹ್ರಸ್ವ-ದೀರ್ಘಕ್ಕೆ ಕಿವಿ ಕೊಡಿ. ಬೀಟ್ ತುಂಬಿಸಲು ‘ಬಲೆ’ಯನ್ನು ಎಳೆದರೆ ‘ಬಾಲೆ’ ಆಗುತ್ತದೆ, ಮೀನಿನ ಬಲೆ ಹೋಗಿ ಹುಡುಗಿ ಬಂದಳು! ಇದು ಉಚ್ಚಾರದ ಸಣ್ಣ ತಪ್ಪಲ್ಲ, ಮಾತ್ರೆ ಎಣಿಸದೆ ಬರೆದದ್ದರ ಗುರುತು. ಮಾತ್ರೆ ಸಾಲದಿದ್ದರೆ ಪದ ಬದಲಿಸಬೇಕು, ಇಲ್ಲವೇ ಆ ಜಾಗದಲ್ಲಿ ಮೌನ ಬಿಡಬೇಕು.

ಅಂಕೋಲಾ_ಮೈಕ್:
ಫ್ರೀಸ್ಟೈಲ್ ರೌಂಡ್‌ಗೆ 90 ಬಿಪಿಎಂ (ನಿಮಿಷಕ್ಕೆ 90 ಪೆಟ್ಟು) ಆಸುಪಾಸಿನ ಬೀಟ್ ಸಾಕು. ನಾಲ್ಕು ಪೆಟ್ಟಿಗೆ ಒಂದು ಬಾರ್. ಅದರಲ್ಲಿ 16 ಬಾರ್ ಅಂದರೆ ಸುಮಾರು 43 ಸೆಕೆಂಡ್, 4 ಬಾರ್ ಅಂದರೆ 11 ಸೆಕೆಂಡ್ ಒಳಗೆ. 4 ಬಾರ್ ಇವನು, 4 ಬಾರ್ ಅವನು ಎಂದು ಸರದಿ ಮಾಡಿಸಿ. 11 ಸೆಕೆಂಡಿನಲ್ಲಿ ಹಳೇ ಸಾಲು ತುರುಕುವುದು ಕಷ್ಟ, ಎದುರಾಳಿಯ ಮಾತಿಗೇ ಉತ್ತರ ಬರಬೇಕಾಗುತ್ತದೆ. ಜೊತೆಗೆ ವೇದಿಕೆಯಲ್ಲೇ ಒಂದು ಪದ ಅಥವಾ ವಸ್ತು ಕೊಡಿ. ಸ್ಪ್ಯಾನಿಷ್ ಭಾಷೆಯ ದೊಡ್ಡ ಸ್ಪರ್ಧೆಗಳಲ್ಲಿ ಹೀಗೆಯೇ ಮಾಡುತ್ತಾರೆ. ಅಲ್ಲಿ ತೀರ್ಪುಗಾರರಿಗೆ ಮೂರನೇ ಆಯ್ಕೆಯೂ ಇದೆ: ಇವನೂ ಅಲ್ಲ, ಅವನೂ ಅಲ್ಲ, ಇನ್ನೊಂದು ಸುತ್ತು ಆಡಿ ಎನ್ನಬಹುದು.

ಪ್ರತ್ಯುತ್ತರ ಅಳೆಯಲು ತಾಳಮದ್ದಳೆ (ಕುಣಿತವಿಲ್ಲದ, ಮಾತಿನ ಯಕ್ಷಗಾನ) ಕೇಳಿದ ಕಿವಿ ಇದ್ದರೆ ಒಳ್ಳೆಯದು. ಅಲ್ಲಿ ಪಾತ್ರದ ಮಾತಾಡುವ ಅರ್ಥಧಾರಿಗಳ ಹಾಗೆ ಎದುರಿನವನ ಪದವನ್ನೇ ಹಿಡಿದು ತಿರುಗಿಸಿದರೆ ಅದು ಪ್ರತ್ಯುತ್ತರ. ‘ನೀನೇ ತೂತು ದೋಣಿ’ ಎಂದು ಮರಳಿ ಬೈದರೆ ಅಲ್ಲ. ‘ತೂತು ದೋಣಿ ಮುಳುಗಿದ್ದು ನಿನ್ನ ಬಂದರಲ್ಲೇ, ಹೂಳು ತೆಗೆಸು’ ಎಂದರೆ ಹೌದು. ಒಂದು ಮಾತು ನೆನಪಿರಲಿ: ಮೊದಲ ರೌಂಡ್ ಶುರು ಮಾಡಿದವನಿಗೆ ಉತ್ತರಿಸಲು ಏನೂ ಇರುವುದಿಲ್ಲ, ಅದಕ್ಕೆ ಅವನ ಅಂಕ ಕಡಿಯಬಾರದು. ನಾಣ್ಯ ಚಿಮ್ಮಿ, ಗೆದ್ದವನೇ ಮೊದಲೋ ಆಮೇಲೋ ಆರಿಸಿಕೊಳ್ಳಲಿ.

ಸಾಲು ಮರೆತರೆ? ತಡವರಿಸಿ ತಕ್ಷಣ ಹಿಡಿದುಕೊಂಡರೆ ಬಿಟ್ಟುಬಿಡಿ. ಪೂರ್ತಿ ನಿಂತು ‘ಮತ್ತೆ ಶುರು ಮಾಡ್ತೀನಿ’ ಅಂದರೆ ರೌಂಡ್ ಹೋಯಿತು. 1 ನಿಮಿಷ 45 ಸೆಕೆಂಡಿಗೆ ಟಾರ್ಚ್ ತೋರಿಸಿ, 2 ನಿಮಿಷ ದಾಟಿದ ಸಾಲು ಲೆಕ್ಕಕ್ಕಿಲ್ಲ. ಜಾತಿ, ಮನೆಯ ಹೆಂಗಸರು, ಮೈಬಣ್ಣ ಎತ್ತುವಂತಿಲ್ಲ ಎಂದು ಇಬ್ಬರಿಗೂ ಮೊದಲೇ ಹೇಳಿಬಿಡಿ.

ಕೋಡಿಬಾಗ_ಬೀಟ್:
ರೌಂಡ್‌ಗೊಂದು ಚೀಟಿ, ಖಾಯಂ. ಕೊಂಕಣಿ ಬೆರೆಸಿದರೆ ಏನು ಮಾಡೋದು? ಶಿರಸಿಯವನು ಹವ್ಯಕ ಮಾತೂ ಹಾಕ್ತಾನಂತೆ.

ಅಂಕೋಲಾ_ಮೈಕ್:
ಹಾಕಲಿ, ಚೆನ್ನಾಗಿರುತ್ತದೆ. ಆದರೆ ಕೊಂಕಣಿ ಬಲ್ಲವರೊಬ್ಬರು, ಹವ್ಯಕ ಬಲ್ಲವರೊಬ್ಬರು ತೀರ್ಪುಗಾರರಲ್ಲಿ ಇರಲೇಬೇಕು. ಇಲ್ಲದಿದ್ದರೆ ಅರ್ಥವಾಗದ ಸಾಲಿಗೆ ಜನರ ಕೂಗು ನೋಡಿಯೇ ಅಂಕ ಬೀಳುತ್ತದೆ. ಕೂಗಿನ ವಿಷಯದಲ್ಲಿ, ಪಂಚ್ ಹೊಡೆದು ಜನ ಅಡಗುವವರೆಗೆ ಕಾಯುವುದು ಕಸುಬು. ಕಾಯದೆ ನುಗ್ಗಿ ಮುಂದಿನ ಸಾಲು ಮುಳುಗಿಸಿಕೊಂಡರೆ, ಕೇಳದ ಸಾಲಿಗೆ ಅಂಕವಿಲ್ಲ.

ಕಡಲಗಾಳಿ ಮಧ್ಯಾಹ್ನದ ಮೇಲೆ ಜೋರು, ಮೈಕ್‌ಗೆ ಸ್ಪಂಜಿನ ಟೊಪ್ಪಿ ಹಾಕಿ. ಮೈಕ್‌ನ ಜಾಲರಿ ತಲೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯಬಾರದು ಎಂದು ಇಬ್ಬರಿಗೂ ಹೇಳಿ. ಮುಚ್ಚಿದರೆ ಹಿಂದಿನ ಸದ್ದು ತಡೆಯುವ ಗುಣ ಹೋಗಿ ಸುತ್ತಲಿನದ್ದೆಲ್ಲ ಒಳಗೆ ಬರುತ್ತದೆ, ಮಾನಿಟರ್ (ವೇದಿಕೆಯವರತ್ತ ಇಟ್ಟ ಸ್ಪೀಕರ್) ಕಿರುಚುತ್ತದೆ, ವ್ಯಂಜನಗಳೆಲ್ಲ ಮಂಕಾಗುತ್ತವೆ. ಸೌಂಡ್ ಚೆಕ್‌ನಲ್ಲಿ ಇಬ್ಬರಿಂದಲೂ ತಲಾ 4 ಸಾಲು ಹೇಳಿಸಿ, ತೀರ್ಪುಗಾರರು ಕೂರುವ ಜಾಗದಲ್ಲೇ ನಿಂತು ಕೇಳಿ.