ಸಹಾಯ ಬೇಕು: ಯುದ್ಧಕಾಲದ ಮೋಟಾರ್ ಲಾಂಚ್‌ಗಳು ಏನಾದವು?

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಕಟ್ಟಿಸಿದ ಮರದ ಮೋಟಾರ್ ಲಾಂಚ್‌ಗಳಲ್ಲಿ (ನೌಕಾಪಡೆಯ ಚಿಕ್ಕ ಎಂಜಿನ್ ದೋಣಿಗಳಲ್ಲಿ) ಉಳಿದವನ್ನು ಪಟ್ಟಿ ಮಾಡುತ್ತಿದ್ದೇನೆ. 112 ಅಡಿಯ ಫೇರ್‌ಮೈಲ್ 'ಬಿ' ಎಂಬ ಮಾದರಿಯವೇ ಸುಮಾರು 650 ಇದ್ದವು. ಇಂದು ಬೆರಳೆಣಿಕೆಯಷ್ಟು. ಅವುಗಳಲ್ಲೊಂದಾದ ಆರ್‌ಎಂಎಲ್ (ರಕ್ಷಣಾ ಮೋಟಾರ್ ಲಾಂಚ್) 497 ಇಂಗ್ಲೆಂಡಿನ ಕರಾವಳಿ ಊರು ಟಾರ್ಕಿಯಲ್ಲಿ 'ವೆಸ್ಟರ್ನ್ ಲೇಡಿ III' ಎಂಬ ಹೆಸರು ಹೊತ್ತು ಪ್ರವಾಸಿಗರನ್ನು ಸಾಗಿಸಿತು, ಈಗ ಹಾರ್ಟಲ್‌ಪೂಲ್‌ನ ನೌಕಾ ವಸ್ತುಸಂಗ್ರಹಾಲಯ ಸೇರಿದೆ. ಇನ್ನೊಂದು ಚಿಕ್ಕ ಮಾದರಿಯ, 72 ಅಡಿಯ 'ಮೆಡೂಸಾ' ಗಾಸ್‌ಪೋರ್ಟ್‌ನಲ್ಲಿ ಇನ್ನೂ ನೀರಿನ ಮೇಲಿದೆ.

ತೊಡಕು ಏನೆಂದರೆ, ಮಾರಾಟವಾದ ಕೂಡಲೇ ನೌಕಾಪಡೆಯ ಸಂಖ್ಯೆ ಅಳಿಸಿ ಹೋಗುತ್ತಿತ್ತು. ಹೊಸ ಮಾಲೀಕ ಹೆಂಡತಿಯದೋ ಮಗಳದೋ ಹೆಸರಿಟ್ಟು, ಮೇಲೊಂದು ಕೋಣೆ ಕಟ್ಟಿ, ಮನೆದೋಣಿ ಮಾಡಿಬಿಡುತ್ತಿದ್ದ. ಆಮೇಲೆ ಗುರುತು ಹಿಡಿಯುವುದು ಯಾರ ಕೈಲಾದೀತು!

ಇಂಗ್ಲೆಂಡಿನ ನದಿಮುಖಗಳ ಬಳಿ ಇರುವ ಕನ್ನಡಿಗರು ಹಳೆಯ ಮನೆದೋಣಿ ಕಂಡರೆ ದಯವಿಟ್ಟು ಗಮನಿಸಿ. ಬಣ್ಣ ಕಿತ್ತುಬಂದ ಕಡೆ ಹಲಗೆಗಳು ಓರೆಯಾಗಿ, ಎರಡು ಪದರದಲ್ಲಿ ಒಂದಕ್ಕೊಂದು ಅಡ್ಡವಾಗಿ ಜೋಡಿಸಿದಂತಿವೆಯೇ? ಮಾಲೀಕರು ಒಳಗೆ ಬಿಟ್ಟರೆ ಮುಖ್ಯ ತೊಲೆಯ ಮೇಲೆ ಟಾರ್ಚ್ ಹಾಯಿಸಿ: ಮಾರಾಟದ ನಂತರ ಖಾಸಗಿ ಹಡಗಾಗಿ ನೋಂದಣಿಯಾಗಿದ್ದರೆ, ನೌಕಾಪಡೆಯದಲ್ಲದ ಬೇರೊಂದು ಅಧಿಕೃತ ಸಂಖ್ಯೆಯನ್ನು ಅಲ್ಲಿ ಕೆತ್ತಿರುತ್ತಾರೆ. ಹೆಸರು ಎಷ್ಟು ಸಲ ಬದಲಾದರೂ ಆ ಸಂಖ್ಯೆ ಬದಲಾಗುವುದಿಲ್ಲ. ಅದರ ಒಂದು ಫೋಟೊ ಸಿಕ್ಕರೆ ನನಗೆ ಹಬ್ಬ.

ಇನ್ನೊಂದು ಕೋರಿಕೆ. ರಾಯಲ್ ಇಂಡಿಯನ್ ನೇವಿಯ ಇಂಥ ಲಾಂಚ್‌ಗಳು ಬರ್ಮಾದ ಅರಾಕಾನ್ ತೀರದ ಕೊಲ್ಲಿಗಳಲ್ಲಿ ಓಡಾಡಿದ್ದವು. ನಿಮ್ಮ ಅಜ್ಜ ಅವುಗಳಲ್ಲಿ ಕೆಲಸ ಮಾಡಿದ್ದರೆ, ಟ್ರಂಕಿನ ತಳದಲ್ಲಿ ಗುಂಪುಚಿತ್ರವೊಂದು ಇರಬಹುದು. ಹಿಂಬದಿಯ ಬರಹವನ್ನೂ ಸೇರಿಸಿ ಕಳುಹಿಸಿ. ಮುಂಭಾಗದಲ್ಲಿ ಬಳಿದ ಸಂಖ್ಯೆ ಅರ್ಧ ಕಂಡರೂ ಸಾಕು.